ಸ್ಯಾನಿಟೈಸರ್ ಇದ್ದಮೇಲೂ ಸೋಪು ಹಚ್ಚಿ ಕೈ ತೊಳೆಯಬೇಕೇ?

ತೊಳೆಯಬೇಕು. ಸೋಪಿನ ಅಣುವಿನ ಒಂದು ತುದಿ ನೀರಿಗೂ ಇನ್ನೊಂದು ತುದಿ ಜಿಡ್ಡಿಗೂ ಅಂಟಿಕೊಳ್ಳುವುದರಿಂದ, ಚರ್ಮದ ಎಣ್ಣೆಯಂಶದಲ್ಲಿ ಸಿಕ್ಕಿಕೊಂಡಿರುವ ರೋಗಾಣುಗಳು ಕೊಳೆಯ ಸಮೇತ ಕಿತ್ತುಬಂದು ನೀರಿನೊಂದಿಗೆ ಹರಿದುಹೋಗುತ್ತವೆ. ಕೊರೊನಾದಂತಹ ಕೊಬ್ಬಿನ ಹೊದಿಕೆಯುಳ್ಳ ವೈರಸ್‌ಗಳಾದರೆ ಆ ಹೊದಿಕೆಯೇ ಒಡೆದುಹೋಗುತ್ತದೆ. ಸ್ಯಾನಿಟೈಸರ್‌ನಲ್ಲಿ ಶೇ. 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ದರೂ, ವಾಂತಿಭೇದಿ ತರುವ ನೊರೊವೈರಸ್ ಮೇಲೆ ಅದರ ಪ್ರಭಾವ ಕಡಿಮೆ. ಮಣ್ಣು, ಜಿಡ್ಡು ಮೆತ್ತಿದ ಕೈಗಂತೂ ಅದು ಸಾಲದು. ಬಸ್ಸು, ರೈಲುಗಳಲ್ಲಿ ನೀರು ಸಿಗದಿದ್ದಾಗ ಅದನ್ನು ಬಳಸಬಹುದು.

ಹೆಚ್ಚಿನವರು ಎಡವುವುದು ತೊಳೆಯುವ ಕ್ರಮದಲ್ಲಿ. ಊಟಕ್ಕೆ ಕೂರುವ ಮುನ್ನ ಬಲಗೈಯ ಬೆರಳುಗಳಿಗಷ್ಟೇ ನೀರು ತೋರಿಸಿ ಬರುವುದನ್ನು ತೊಳೆಯುವುದೆಂದು ಕರೆಯಲಾಗದು (ಮದುವೆಮನೆಯ ನಲ್ಲಿಯ ಬಳಿ ನಿಂತು ನೋಡಿದರೆ ತಿಳಿಯುತ್ತದೆ). ಎರಡೂ ಕೈಗಳನ್ನು ಒದ್ದೆ ಮಾಡಿ, ನೊರೆ ಬರುವಂತೆ ಸೋಪು ಹಚ್ಚಿ, ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳಿನ ಬುಡಗಳನ್ನು ಕನಿಷ್ಠ 20 ಸೆಕೆಂಡು ಉಜ್ಜಬೇಕು. ಮುದ್ದೆ ಮುರಿಯುವ, ಅನ್ನ ಕಲಸುವ ಬೆರಳುಗಳ ತುದಿಯನ್ನು ಎದುರು ಅಂಗೈಗೆ ತಿಕ್ಕಿದರೆ ಉಗುರಿನಡಿಯ ಕೊಳೆಯೂ ಸಡಿಲವಾಗುತ್ತದೆ. ಒದ್ದೆ ಕೈಗೆ ರೋಗಾಣುಗಳು ಬೇಗ ಅಂಟುವ ಕಾರಣ, ಎಲ್ಲರೂ ಒರೆಸಿ ತೊಯ್ದುಹೋದ ಟವೆಲನ್ನು ಬಿಟ್ಟು, ಒಣಗಿದ ಶುಚಿಯಾದ ಬಟ್ಟೆಯಿಂದ ಕೈ ಒರೆಸಿಕೊಳ್ಳಬೇಕು.

ಶೌಚದ ನಂತರ, ಮಗುವಿನ ಮಲ ತೊಳೆದ ಮೇಲೆ, ಹಸಿ ಮಾಂಸ ಮುಟ್ಟಿದ ಮೇಲೆ, ಅಡುಗೆಗೂ ಊಟಕ್ಕೂ ಮುನ್ನ ಇದನ್ನು ತಪ್ಪಿಸಬಾರದು.