ಮೊದಲು ರೈಲು ಓಡಿಸಿದವರು ಯಾರು?

ಪ್ರಶ್ನೆ: ರೈಲು ಕಂಡುಹಿಡಿದವರು ಜಾರ್ಜ್ ಸ್ಟೀಫನ್‌ಸನ್ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಈಗ ಮಗಳು ರಿಚರ್ಡ್ ಟ್ರೆವಿಥಿಕ್ ಅಂತಿದ್ದಾಳೆ. ಯಾವುದು ಸರಿ?

ಉತ್ತರ: ಮಗಳು ಹೇಳಿದ್ದೇ ಸರಿ. ಹಳಿ ಮೇಲೆ ಉಗಿ ಇಂಜಿನ್ನಿಂದ ಮೊದಲು ಗಾಡಿ ಎಳೆಸಿದ್ದು ಟ್ರೆವಿಥಿಕ್. ದಿನ 1804ರ ಫೆಬ್ರವರಿ 21, ಜಾಗ ವೇಲ್ಸ್‌ನ ಪೆನಿಡ್ಯಾರೆನ್ ಕಬ್ಬಿಣದ ಕಾರ್ಖಾನೆ. ಇಂಜಿನ್ 10 ಟನ್ ಕಬ್ಬಿಣ ಎಳೆಯುತ್ತದೆ ಅಂತ ಅಲ್ಲಿನ ಮಾಲೀಕರು 500 ಗಿನಿ (ಆಗಿನ ಬ್ರಿಟನ್ನಿನ ಚಿನ್ನದ ನಾಣ್ಯ) ಪಂದ್ಯ ಕಟ್ಟಿದ್ದರು. ಐದು ವ್ಯಾಗನ್ನುಗಳ ಮೇಲೆ 70 ಜನ ಬೇರೆ ಹತ್ತಿ ಕೂತರು. ದಾರಿಗೆ ಅಡ್ಡವಾಗಿದ್ದ ಮರ ಕಡಿದು, ಬಂಡೆ ಸರಿಸಿಕೊಂಡು, ಸುಮಾರು 15 ಕಿ.ಮೀ. ದಾರಿಯನ್ನು ನಾಲ್ಕು ಗಂಟೆಯಲ್ಲಿ ಮುಟ್ಟಿದರು.

ಹಾಗಾದರೆ ರೈಲು ಅಲ್ಲಿಂದಲೇ ಶುರುವಾಗಬೇಕಿತ್ತು, ಅಲ್ವಾ? ಆಗಲಿಲ್ಲ. ಇಂಜಿನ್ ಗೆದ್ದಿತು, ಹಳಿ ಸೋತಿತು. ಕುದುರೆ ಗಾಡಿಗೆಂದು ಹಾಕಿದ್ದ ಬೀಡು ಕಬ್ಬಿಣದ ಹಳಿ ಅದು, ಒಂದೊಂದು ತುಂಡು ಮೂರಡಿ ಉದ್ದ. ಬೀಡಿನ ದೋಸೆ ಕಾವಲಿ ಕೈಜಾರಿ ಬಿದ್ದರೆ ಬಗ್ಗುವುದಿಲ್ಲ, ಹೋಳಾಗುತ್ತದೆ. ಇಂಜಿನ್ ಭಾರಕ್ಕೆ ಆ ಹಳಿಗಳೂ ಹಾಗೇ ಪಟಪಟ ಮುರಿದವು. ಇಂಜಿನ್ ಮತ್ತೆ ಕಾರ್ಖಾನೆಯೊಳಗಿನ ಕೆಲಸಕ್ಕೆ ಹೋಯಿತು.

ರೈಲಿನ ಕತೆಯಲ್ಲಿ ನನಗೆ ತುಂಬಾ ಮುಖ್ಯ ಅನಿಸುವ ವರ್ಷ 1820. ಇದನ್ನು ಯಾರೂ ಜಾಸ್ತಿ ನೆನೆಯುವುದಿಲ್ಲ. ಆ ವರ್ಷ ಇಂಗ್ಲೆಂಡಿನ ಜಾನ್ ಬರ್ಕಿನ್‌ಶಾ, ಕಾಯಿಸಿದ ಮೆದು ಕಬ್ಬಿಣವನ್ನು ರೋಲರುಗಳ ನಡುವೆ ಹಾಯಿಸಿ ಉದ್ದನೆಯ ಹಳಿ ತಯಾರಿಸಿದರು. ಬೇಗ ಮುರಿಯದ ಹಳಿ, ಕೀಲುಗಳೂ ಕಡಿಮೆ.

ಸ್ಟೀಫನ್‌ಸನ್ ದೊಡ್ಡವರು ಅನಿಸುವುದು ಇಲ್ಲೇ. ಬೀಡಿನ ಹಳಿಯೊಂದಕ್ಕೆ ಅವರದೇ ಪೇಟೆಂಟ್ ಇತ್ತು. ಅದನ್ನೇ ಹಾಕಿಸಿದ್ದರೆ ಕೈತುಂಬ ದುಡ್ಡು. ಆದರೂ ತಾವು ಇಂಜಿನಿಯರ್ ಆಗಿದ್ದ, ಇಂಗ್ಲೆಂಡಿನ ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ರೈಲು ದಾರಿಗೆ ಬರ್ಕಿನ್‌ಶಾ ಹಳಿಯೇ ಬೇಕು ಅಂದರು. ಪೇಟೆಂಟಿನಲ್ಲಿ ಪಾಲುದಾರರಾಗಿದ್ದವರು ಸಿಟ್ಟಾದರು. ಆದರೆ 1825ರ ಸೆಪ್ಟೆಂಬರ್ 27ರಂದು ಆ ದಾರಿಯಲ್ಲಿ ಹೊರಟ ರೈಲು ಆಮೇಲೆ ನಿಲ್ಲಲಿಲ್ಲ. ಶಾಲೆಯ ಪಾಠಕ್ಕೆ ಅವರ ಹೆಸರು ಬಂದಿದ್ದು ಸುಮ್ನೆ ಅಲ್ಲ.

ಟ್ರೆವಿಥಿಕ್ 1833ರಲ್ಲಿ, ಕೈಯಲ್ಲಿ ಕಾಸಿಲ್ಲದೆ ತೀರಿಕೊಂಡರು. ಜೊತೆಗೆ ಕೆಲಸ ಮಾಡುತ್ತಿದ್ದವರೇ ದುಡ್ಡು ಕೂಡಿಸಿ ಮಣ್ಣು ಮಾಡಿದರು. ಅಷ್ಟರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ನಡುವೆ ಜನರ ರೈಲು ಓಡಲು ಶುರುವಾಗಿ ಎರಡೂವರೆ ವರ್ಷವಾಗಿತ್ತು.