ಕಣ್ಣಿನ ಕೆಳಗಿನ ಫಿಲ್ಲರ್ ಕೆಟ್ಟರೆ ಅದರ ಮೇಲೆ ಇನ್ನಷ್ಟು ಹಾಕಿಸಬೇಡಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಆರು ವಾರದ ಹಿಂದೆ ಕಣ್ಣಿನ ಕೆಳಗೆ ಫಿಲ್ಲರ್, ಅಂದರೆ ತಗ್ಗು ತುಂಬಲು ಚರ್ಮದಡಿ ಚುಚ್ಚುವ ಜೆಲ್, ಹಾಕಿಸಿಕೊಂಡಿದ್ದೀರಿ. ಎಡಗಣ್ಣಿನ ಕೆಳಗೆ ಬೆರಳಿಗೆ ಸಿಗುವ ಗಂಟಿದೆ, ಎರಡೂ ಕಡೆ ನೀಲಿ ಛಾಯೆಯಿದೆ, ಬೆಳಿಗ್ಗೆ ಎದ್ದಾಗ ಊತ. ಕ್ಲಿನಿಕ್‌ನವರು ‘ಇನ್ನರ್ಧ ಸಿರಿಂಜ್ ಹಾಕಿದರೆ ಸಮನಾಗುತ್ತದೆ’ ಎನ್ನುತ್ತಿದ್ದಾರೆ. ಹಾಕಿಸಿಕೊಳ್ಳಲೇ, ಕರಗಿಸಲೇ, ಕಾಯಲೇ, ಖರ್ಚೆಷ್ಟು ಎಂದು ಕೇಳಿದ್ದೀರಿ.

ಇನ್ನರ್ಧ ಸಿರಿಂಜ್ ಮಾತ್ರ ಬೇಡ. ನಾನು ವೈದ್ಯೆಯಲ್ಲ, ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುವವಳು. ಆದರೆ ಆ ಇನ್ನರ್ಧ ಸಿರಿಂಜನ್ನು ಹಾಕಿಸಿಕೊಂಡು ಅನುಭವಿಸಿದವಳು.

ಮುಂದೆ ಹೋಗುವ ಮೊದಲು ಒಂದು ಮಾತು, ನಿಮಗಲ್ಲದಿದ್ದರೂ ಇದನ್ನು ಓದುವ ಇನ್ನೊಬ್ಬರಿಗೆ. ಫಿಲ್ಲರ್ ಹಾಕಿದ ಹೊತ್ತಿನಲ್ಲಿ ಅಥವಾ ನಂತರದ ಒಂದೆರಡು ದಿನದಲ್ಲಿ ವಿಪರೀತ ನೋವು, ಚರ್ಮ ಬಿಳಚಿಕೊಳ್ಳುವುದು, ಬಲೆಯಂತೆ ನೇರಳೆ ಗೆರೆ ಮೂಡುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದು ಕಂಡರೂ ಈ ಉತ್ತರ ಓದುತ್ತಾ ಕೂರಬೇಡಿ. ಜೆಲ್ ರಕ್ತನಾಳವನ್ನು ಕಟ್ಟಿಹಾಕಿದಾಗ ಹಾಗಾಗುತ್ತದೆ. ದೃಷ್ಟಿಯೇ ಹೋಗಬಹುದು. ಆಗ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಿಮ್ಮದು ಆ ಬಗೆಯದಲ್ಲ ಎಂದು ನೀವು ಬರೆದದ್ದರಿಂದ ಅನಿಸುತ್ತದೆ.

ನನ್ನ ಕಥೆ ಚಿಕ್ಕದು. ಮೂರು ವರ್ಷದ ಹಿಂದೆ ಅಕ್ಕನ ಮಗಳ ಮದುವೆಗೆ ಎರಡು ತಿಂಗಳಿರುವಾಗ ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಒಂದು ಎಂಎಲ್ ಫಿಲ್ಲರ್ ಹಾಕಿಸಿಕೊಂಡೆ, ಕಣ್ಣೊಂದಕ್ಕೆ ಅರ್ಧರ್ಧ. ಎರಡು ವಾರ ಚೆನ್ನಾಗಿಯೇ ಇತ್ತು. ಮೂರನೆಯ ವಾರ ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ನಿಂತಿದ್ದಾಗ ಅತ್ತೆಯವರು, “ಕಾಡಿಗೆ ಹರಡಿದೆ, ಒರೆಸಿಕೊಂಡು ಬಾ” ಎಂದರು. ನಾನು ಕಾಡಿಗೆ ಹಚ್ಚುವವಳೇ ಅಲ್ಲ. ಕ್ಲಿನಿಕ್‌ಗೆ ಓಡಿದೆ. ಅವರು ನಿಮಗೆ ಹೇಳಿದ್ದನ್ನೇ ನನಗೂ ಹೇಳಿದರು, ಪಕ್ಕದ ತಗ್ಗನ್ನು ತುಂಬಿ ಸಮ ಮಾಡಿದರು. ಮದುವೆಯ ಆಲ್ಬಮ್ಮಿನಲ್ಲಿ, ಹೆಣ್ಣು ಒಪ್ಪಿಸಿಕೊಡುವ ಫೋಟೋಗಳಲ್ಲಿ, ಹೆತ್ತ ತಾಯಿಗಿಂತ ನಾನೇ ಹೆಚ್ಚು ಅತ್ತವಳಂತೆ ಕಾಣುತ್ತೇನೆ.

ಏಕೆ ಹೀಗಾಗುತ್ತದೆ ಎಂಬುದು ನನಗೆ ಅರ್ಥವಾದದ್ದು ಆಮೇಲೆ. ಈ ಫಿಲ್ಲರ್‌ಗಳಲ್ಲಿ ಬಹುಪಾಲು ಹಯಲುರಾನಿಕ್ ಆಮ್ಲದ ಜೆಲ್. ಆ ವಸ್ತು ಮೊದಲು ಸಿಕ್ಕಿದ್ದೇ ಕಣ್ಣಿನಲ್ಲಿ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬುವರು ದನದ ಕಣ್ಣುಗುಡ್ಡೆಯೊಳಗಿನ ಗಾಜಿನಂಥ ದ್ರವದಿಂದ ಅದನ್ನು ಬೇರ್ಪಡಿಸಿದರು. ಗ್ರೀಕಿನಲ್ಲಿ ಗಾಜಿಗೆ ‘ಹಯಲೋಸ್’ ಎನ್ನುತ್ತಾರೆ, ಹೆಸರು ಅಲ್ಲಿಂದ ಬಂದದ್ದು. ನೀರನ್ನು ಹಿಡಿದಿಟ್ಟುಕೊಳ್ಳುವುದು ಅದರ ಗುಣ. ಕೆನ್ನೆಯಲ್ಲಿ ಆ ಗುಣ ಒಳ್ಳೆಯದು, ಕಣ್ಣಿನ ಕೆಳಗೆ ಅದೇ ಕಾಟ. ಅಲ್ಲಿನ ಚರ್ಮ ದೇಹದಲ್ಲೇ ಅತ್ಯಂತ ತೆಳುವಾದದ್ದು, ಸುಮಾರು ಅರ್ಧ ಮಿಲಿಮೀಟರ್. ಎಲುಬಿಗೆ ತಾಗುವಷ್ಟು ಆಳದಲ್ಲಿ ಇರಬೇಕಾದ ಜೆಲ್ ಮೇಲ್ಪದರದಲ್ಲಿ ಉಳಿದರೆ ಬೆಳಕು ಅದರಲ್ಲಿ ಚದುರಿ ನೀಲಿಯಾಗಿ ಕಾಣುತ್ತದೆ. ಇದನ್ನು ವೈದ್ಯರು ಟಿಂಡಾಲ್ ಪರಿಣಾಮ ಎನ್ನುತ್ತಾರೆ. ಅದು ಬಣ್ಣವಲ್ಲ, ರಕ್ತ ಹೆಪ್ಪುಗಟ್ಟಿದ್ದೂ ಅಲ್ಲ. ಹಾಗಾಗಿ ಕ್ರೀಮಿನಿಂದ ಹೋಗುವುದಿಲ್ಲ.

ಬೆಳಗಿನ ಊತ ಬೇರೆ ಸಂಗತಿ. ಕಣ್ಣಿನ ಕೆಳಗೂ ಕೆನ್ನೆಯ ಮೇಲೂ ನಡುವೆ ಒಂದು ತೆಳುವಾದ ಪರದೆಯಿದೆ, ಗದ್ದೆಯ ಬದುವಿನ ಹಾಗೆ. ಅದರ ಮೇಲ್ಭಾಗದ ನೀರು ಸುಲಭವಾಗಿ ಕೆಳಗಿಳಿಯುವುದಿಲ್ಲ. ಅಲ್ಲಿ ಜೆಲ್ ತುಂಬಿದರೆ ದುಗ್ಧರಸದ ಸಣ್ಣ ನಾಳಗಳ ಮೇಲೂ ಭಾರ ಬೀಳುತ್ತದೆ. ರಾತ್ರಿ ಮಲಗಿದಾಗ ಸೇರಿದ ನೀರು ಮಧ್ಯಾಹ್ನದವರೆಗೂ ಅಲ್ಲೇ ನಿಲ್ಲುತ್ತದೆ. ಹಪ್ಪಳ, ಉಪ್ಪಿನಕಾಯಿ ಹೆಚ್ಚು ತಿಂದ ಮಾರನೆಯ ದಿನ ನನಗೆ ಸ್ಪಷ್ಟವಾಗಿ ವ್ಯತ್ಯಾಸ ಗೊತ್ತಾಗುತ್ತಿತ್ತು. (ಥೈರಾಯ್ಡ್ ಕಡಿಮೆಯಿದ್ದರೂ ರೆಪ್ಪೆ ಊದಿಕೊಳ್ಳುತ್ತದೆ. ಒಮ್ಮೆ ರಕ್ತಪರೀಕ್ಷೆ ಮಾಡಿಸಿ, ಎಲ್ಲ ತಪ್ಪನ್ನೂ ಫಿಲ್ಲರಿನ ತಲೆಗೆ ಕಟ್ಟಬೇಡಿ.)

ಈಗ ಕಾಯುವ ವಿಚಾರ. ಮೊದಲ ಎರಡು-ನಾಲ್ಕು ವಾರ ಕಾಯುವುದು ಸರಿ, ಸೂಜಿಯ ಊತ ಮತ್ತು ಚರ್ಮ ಕಂದಿದ ಗುರುತು ಅಷ್ಟರಲ್ಲಿ ಇಳಿಯುತ್ತವೆ. ನೀವು ಆ ಗಡಿ ದಾಟಿದ್ದೀರಿ. ‘ವರ್ಷದೊಳಗೆ ತಾನಾಗಿ ಕರಗುತ್ತದೆ’ ಎಂಬ ಮಾತನ್ನು ನೆಚ್ಚಿ ಕೂರಬೇಡಿ. ತುಟಿಯಂತೆ ಸದಾ ಅಲುಗಾಡುವ ಜಾಗ ಇದಲ್ಲ. ಹಾಕಿದ ಎಷ್ಟೋ ವರ್ಷಗಳ ನಂತರವೂ ಎಂಆರ್‌ಐಯಲ್ಲಿ ಇಲ್ಲಿನ ಜೆಲ್ ಕಂಡದ್ದುಂಟು.

ಹಾಗಾದರೆ ಕರಗಿಸುವುದು. ನಾನು ಹಳೆಯ ಕ್ಲಿನಿಕ್ ಬಿಟ್ಟು ಕಣ್ಣಿನ ರೆಪ್ಪೆಯ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆ ಮಾಡುವ ನೇತ್ರವೈದ್ಯೆಯೊಬ್ಬರ ಬಳಿ ಹೋದೆ. ಇಂಥವರನ್ನು ಆಕ್ಯುಲೋಪ್ಲಾಸ್ಟಿ ತಜ್ಞರು ಎನ್ನುತ್ತಾರೆ, ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಸಿಗುತ್ತಾರೆ. ಅವರು ಮೊದಲು ಕೇಳಿದ್ದು, “ಯಾವ ಫಿಲ್ಲರ್? ಡಬ್ಬಿಯ ಚೀಟಿ ಇದೆಯೇ?” ಸಿರಿಂಜಿನ ಡಬ್ಬಿಯೊಳಗೆ ಹೆಸರು, ಬ್ಯಾಚ್ ಸಂಖ್ಯೆ ಇರುವ ಅಂಟುಚೀಟಿ ಇರುತ್ತದೆ, ಅದು ನಮ್ಮ ಕಡತಕ್ಕೆ ಸೇರಬೇಕಾದದ್ದು. ನನ್ನ ಬಳಿ ಇರಲಿಲ್ಲ, ಹಳೆಯ ಕ್ಲಿನಿಕ್‌ನಿಂದ ಎರಡು ಸಲ ಕೇಳಿ ತರಿಸಿಕೊಂಡೆ. ಇದೇಕೆ ಮುಖ್ಯವೆಂದರೆ, ಕರಗಿಸುವ ಔಷಧ ಕೆಲಸ ಮಾಡುವುದು ಹಯಲುರಾನಿಕ್ ಆಮ್ಲದ ಮೇಲೆ ಮಾತ್ರ. ಕ್ಯಾಲ್ಸಿಯಂ ಬಗೆಯ ಫಿಲ್ಲರ್ ಆಗಿದ್ದರೆ, ಅಥವಾ ನಿಮ್ಮದೇ ಹೊಟ್ಟೆಯ ಕೊಬ್ಬನ್ನು ತೆಗೆದು ತುಂಬಿದ್ದರೆ, ಅದು ಏನೂ ಮಾಡುವುದಿಲ್ಲ.

ಎರಡನೆಯ ಪ್ರಶ್ನೆ ನನ್ನನ್ನು ತಬ್ಬಿಬ್ಬು ಮಾಡಿತು. “ನಿಮಗೆ ಯಾವಾಗಲಾದರೂ ಜೇನು ಕಚ್ಚಿತ್ತೇ?”

ನನ್ನ ತವರು ಶಿರಸಿಯ ಕಡೆ. ಅಪ್ಪ ಅಡಿಕೆ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದವರು. ಆರೋ ಏಳೋ ವರ್ಷದವಳಿದ್ದಾಗ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಲು ಹೋಗಿ ಕಚ್ಚಿಸಿಕೊಂಡು, ಮುಂಗೈ ಊದಿ ಬಳೆ ಮಾಂಸದಲ್ಲಿ ಹೂತು, ಆಯಿ ಬಟ್ಟೆ ಸುತ್ತಿ ಬಳೆ ಒಡೆದು ತೆಗೆದಿದ್ದಳು. ಅದನ್ನು ಹೇಳಿದೆ. ಉಸಿರು ಕಟ್ಟಿತ್ತೇ, ಮೈತುಂಬ ದದ್ದು ಎದ್ದಿತ್ತೇ ಎಂದು ವೈದ್ಯೆ ಬಿಡಿಸಿ ಬಿಡಿಸಿ ಕೇಳಿದರು. ಇಲ್ಲ, ಕೈ ಮಾತ್ರ. ಕಾರಣ ಹೀಗೆ: ಫಿಲ್ಲರ್ ಕರಗಿಸುವ ಔಷಧದ ಹೆಸರು ಹಯಲುರಾನಿಡೇಸ್, ಅದೊಂದು ಕಿಣ್ವ. ಜೇನುಹುಳದ ವಿಷದಲ್ಲೂ ಅದೇ ಕುಲದ ಕಿಣ್ವವಿದೆ. ವಿಷ ನಮ್ಮ ಚರ್ಮದಲ್ಲಿ ಹರಡಲು ದಾರಿ ಬಿಡಿಸುವುದು ಅದೇ. ಹಾಗಾಗಿ ಜೇನು, ಕಣಜಗಳ ವಿಷಕ್ಕೆ ಜೋರಾದ ಅಲರ್ಜಿ ಇರುವವರಿಗೆ ಈ ಚುಚ್ಚುಮದ್ದೂ ಅಪಾಯ ತರಬಹುದು. ನನ್ನ ಮುಂಗೈ ಒಳಭಾಗದಲ್ಲಿ ಚರ್ಮದಡಿ ಒಂದು ಹನಿ ಹಾಕಿ, ಸುತ್ತ ಪೆನ್ನಿನಿಂದ ಗೆರೆ ಎಳೆದು, ಅರ್ಧ ಗಂಟೆ ಹೊರಗೆ ಕೂರಿಸಿದರು. ಗೆರೆಯ ಆಚೆ ಏನೂ ಏಳಲಿಲ್ಲ. ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ, “ಇಷ್ಟಕ್ಕೆ ಬೆಂಗಳೂರೇ ಬೇಕಿತ್ತೇ, ತೋಟಕ್ಕೆ ಬಂದಿದ್ದರೆ ಪುಕ್ಕಟೆ ಕಚ್ಚಿಸುತ್ತಿದ್ದೆ” ಎಂದರು.

ಔಷಧ ಪುಡಿಯ ರೂಪದಲ್ಲಿ ಸಣ್ಣ ಬಾಟಲಿಯಲ್ಲಿ ಬರುತ್ತದೆ, ಸಲೈನ್ ಸೇರಿಸಿ ಕರಗಿಸುತ್ತಾರೆ. ನನಗೆ ತೆರೆದ ಬಾಟಲಿಯಲ್ಲಿ 1500 ಯೂನಿಟ್ ಇತ್ತು, ಮೊದಲ ದಿನ ಕಣ್ಣೊಂದಕ್ಕೆ ಹಾಕಿದ್ದು ಬರೀ 30. “ಒಂದೇ ಸಲ ಸುರಿದು ಎಲ್ಲವನ್ನೂ ತೊಳೆಯುವುದಕ್ಕಿಂತ ಸ್ವಲ್ಪ ಸ್ವಲ್ಪ ಹಾಕಿ ನೋಡೋಣ” ಎಂದರು. ಇದು ನನ್ನ ಲೆಕ್ಕ, ನಿಮ್ಮದು ಬೇರೆಯಾಗಬಹುದು. ಎಷ್ಟು ಜೆಲ್ ಇದೆ, ಎಷ್ಟು ಗಟ್ಟಿ, ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಗಂಟು ಎಲ್ಲಿದೆಯೆಂದು ತಿಳಿಯದಿದ್ದರೆ ಅಲ್ಟ್ರಾಸೌಂಡ್ ಹಿಡಿದು ನೋಡುವವರೂ ಇದ್ದಾರೆ. ಚುಚ್ಚಿದಾಗ ಫಿಲ್ಲರಿಗಿಂತ ಹೆಚ್ಚು ಉರಿಯಿತು. ಆ ಸಂಜೆ ಕಣ್ಣುಗಳು ಊದಿ ಸಣ್ಣದಾದವು. ಎರಡು ದಿನದಲ್ಲಿ ಬಲಗಡೆಯ ನೀಲಿ ಮಾಯವಾಗಿತ್ತು. ಎಡಗಡೆ ಹುಣಸೆಬೀಜದ ಕಾಲುಭಾಗದಷ್ಟು ಗಂಟು ಉಳಿದಿತ್ತು, ಎರಡು ವಾರ ಬಿಟ್ಟು ಮತ್ತೊಂದು ಸಲ ಹಾಕಿದರು.

ಮೂರನೆಯ ದಿನದ ಬಗ್ಗೆ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಊತ ಇಳಿದ ಮೇಲೆ ಕನ್ನಡಿ ನೋಡಿದರೆ ಕಣ್ಣುಗಳು ಬಾವಿಯೊಳಗೆ ಬಿದ್ದಂತಿದ್ದವು. ಮೊದಲಿದ್ದದ್ದೂ ಹೋಯಿತು, ಔಷಧ ನನ್ನ ಮೈಯ ಸ್ವಂತ ಸತ್ವವನ್ನೂ ತಿಂದುಹಾಕಿತು ಎಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಕಿಣ್ವ ಸ್ವಂತದ್ದನ್ನೂ ಒಂದಿಷ್ಟು ಒಡೆಯುತ್ತದೆ ಎಂಬುದು ನಿಜ. ಆದರೆ ನಮ್ಮ ದೇಹದಲ್ಲಿರುವ ಹಯಲುರಾನಿಕ್ ಆಮ್ಲದ ಸುಮಾರು ಮೂರನೆಯ ಒಂದು ಭಾಗ ದಿನವೂ ಒಡೆದು ಹೊಸದಾಗುತ್ತಲೇ ಇರುತ್ತದೆ, ಔಷಧವೂ ಒಳಗೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ತಿಂಗಳ ನಂತರ ಅದೇ ಕಿಟಕಿ, ಅದೇ ಬೆಳಗಿನ ಎಂಟು ಗಂಟೆ, ಫಿಲ್ಲರಿಗೆ ಮೊದಲು ತೆಗೆದ ಫೋಟೋದ ಪಕ್ಕ ಹೊಸದನ್ನಿಟ್ಟು ನೋಡಿದೆ. ಹೆಚ್ಚುಕಡಿಮೆ ಅದೇ ಮುಖ. ತಿಂಗಳುಗಟ್ಟಲೆ ತುಂಬಿದ್ದನ್ನು ನೋಡಿ ಅಭ್ಯಾಸವಾದ ಕಣ್ಣು ತಗ್ಗನ್ನು ದೊಡ್ಡದು ಮಾಡಿ ತೋರಿಸಿತ್ತು. ನೀವೂ ಇವತ್ತೇ ಕಿಟಕಿಯ ಬಳಿ ಒಂದು ಫೋಟೋ ತೆಗೆದಿಡಿ.

ಖರ್ಚಿನ ವಿಷಯ ಕೇಳಿದ್ದೀರಿ. ಹಾಕಿಸಲು ಒಟ್ಟು 38 ಸಾವಿರ, ತೆಗೆಸಲು 14 ಸಾವಿರ. ಈ ನಮೂದನ್ನು ಯಾವ ಖಾತೆಗೆ ಬರೆಯಬೇಕೋ ನನ್ನ ವಿಷಯದ ಪುಸ್ತಕದಲ್ಲೂ ಇಲ್ಲ.

ಕೊನೆಗೆ, ನನಗೆ ಫಿಲ್ಲರ್ ಬೇಕಿತ್ತೇ ಎಂಬುದು. ವೈದ್ಯೆ ಕೈಗನ್ನಡಿ ಕೊಟ್ಟು, ಮುಖ ಎತ್ತಿ ಚಾವಣಿಯ ದೀಪಕ್ಕೆ ಹಿಡಿಯಲು ಹೇಳಿದರು. ಬೆಳಕು ನೇರ ಬಿದ್ದಾಗ ಕಪ್ಪು ಮಾಯವಾದರೆ ಅದು ತಗ್ಗಿನ ನೆರಳು, ಫಿಲ್ಲರ್ ಸಹಾಯ ಮಾಡಬಹುದು. ಹಾಗೆಯೇ ಉಳಿದರೆ ಅದು ಚರ್ಮದ ಬಣ್ಣ. ನನ್ನದು ಮುಕ್ಕಾಲು ಪಾಲು ಉಳಿಯಿತು. ಆಯಿಗೂ ಅವಳ ತಾಯಿಗೂ ಇದ್ದ ಕಪ್ಪು, ಅದರ ಮೇಲೆ ಧೂಳಿನ ಅಲರ್ಜಿಗೆ ನಾನು ಕಣ್ಣುಜ್ಜಿ ಉಜ್ಜಿ ಸೇರಿಸಿದ್ದು. ಬಣ್ಣದ ಮೇಲೆ ಎಷ್ಟು ಜೆಲ್ ತುಂಬಿದರೂ ಬಣ್ಣ ಬಣ್ಣವೇ. ಹಳೆಯ ಕ್ಲಿನಿಕ್‌ನಲ್ಲಿ ಈ ಒಂದು ನಿಮಿಷದ ಪರೀಕ್ಷೆ ಮಾಡಿರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ಅಲರ್ಜಿಗೆ ಔಷಧ, ಬಿಸಿಲಿಗೆ ಸನ್‌ಸ್ಕ್ರೀನ್, ಅಷ್ಟೇ.

ನಿಮ್ಮದು ನಿಜವಾಗಿ ತಗ್ಗೇ ಆಗಿದ್ದರೆ ಕರಗಿಸಿದ ಮೇಲೆ ಮತ್ತೆ ಹಾಕಿಸಬಹುದು. ಎರಡು ವಾರವಾದರೂ ಬಿಡಬೇಕು, ತಿಂಗಳು ಬಿಟ್ಟರೆ ಇನ್ನೂ ಒಳ್ಳೆಯದು. ಈ ಸಲ ನೀರು ಕಡಿಮೆ ಹೀರುವ ಜೆಲ್, ಆಳದಲ್ಲಿ, ಕಡಿಮೆ ಪ್ರಮಾಣ, ಬೇಕಿದ್ದರೆ ಎರಡು ಕಂತಿನಲ್ಲಿ. ‘ಕಣ್ಣಿಗೆಂದೇ ಬಂದದ್ದು’ ಎಂದು ಯಾರಾದರೂ ಹೇಳಿದರೆ ಹೆಸರು ಕೇಳಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಜಾಗಕ್ಕೆಂದು ಜುವಿಡರ್ಮ್ ವೋಲ್‌ಬೆಲ್ಲಾ ಎಂಬ ಫಿಲ್ಲರಿಗೆ ಒಪ್ಪಿಗೆ ಕೊಟ್ಟದ್ದೇ 2022ರಲ್ಲಿ. ಕೆಳರೆಪ್ಪೆಯ ಕೊಬ್ಬಿನ ಚೀಲ ಮುಂದೆ ಬಂದು ಕೆಳಗೆ ಕಾಲುವೆ ಬಿದ್ದಿದ್ದರೆ, ರೆಪ್ಪೆಯ ಒಳಗಿನಿಂದ ಆ ಕೊಬ್ಬನ್ನೇ ಸರಿಸಿ ಕಾಲುವೆ ಮುಚ್ಚುವ ಶಸ್ತ್ರಚಿಕಿತ್ಸೆಯಿದೆ. ಹೊರಗೆ ಕಲೆ ಕಾಣುವುದಿಲ್ಲ.

ಗಂಟನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುವುದನ್ನು ನಿಲ್ಲಿಸಿ. ಕರಗಿಸುವ ಪುಡಿಯನ್ನು ಆನ್‌ಲೈನಿನಲ್ಲಿ ತರಿಸಿ ಮನೆಯಲ್ಲೇ ಚುಚ್ಚಿಕೊಳ್ಳಬಹುದೇ ಎಂದು ಒಬ್ಬಾಕೆ ನನ್ನನ್ನು ಕೇಳಿದ್ದಳು. ದಯವಿಟ್ಟು ಬೇಡ. ಹಳೆಯ ಕ್ಲಿನಿಕ್‌ನವರ ಜೊತೆ ಜಗಳಕ್ಕೂ ಹೋಗಬೇಡಿ, ಡಬ್ಬಿಯ ಚೀಟಿಯನ್ನು ಮತ್ತು ಎಷ್ಟು ಹಾಕಿದರು ಎಂಬುದರ ಬರಹವನ್ನು ಮಾತ್ರ ಕೇಳಿ ತೆಗೆದುಕೊಳ್ಳಿ. ಚೀಟಿ ಸಿಕ್ಕಿದ ಮೇಲೆ ಫಿಲ್ಲರಿನ ಹೆಸರನ್ನು ಇಲ್ಲಿಯೇ ಕೆಳಗೆ ಬರೆಯಿರಿ, ಜೇನು ಕಚ್ಚಿದ್ದಿದ್ದರೆ ಅದನ್ನೂ.