ಎರಡು ಸಲ ಆಪರೇಷನ್ ಆದರೂ ಕೀವು ನಿಂತಿಲ್ಲ, ಮೂರನೇದು ಬೇಕಾ?

ಪ್ರಶ್ನೆ: ನನಗೆ 46 ವರ್ಷ. ಸೈನಸ್‌ಗೆ ಎರಡು ಸಲ ಎಂಡೋಸ್ಕೋಪಿಕ್ ಆಪರೇಷನ್ ಆಗಿದೆ. ಆದರೂ ಬಲಗೆನ್ನೆ ಭಾರ, ಬಗ್ಗಿದರೆ ಮೂಗಿಂದ ಹಳದಿ ಕೀವು, ಕೆಟ್ಟ ವಾಸನೆ. ದಾರಿ ತೆರೆದೇ ಇದೆ ಅಂತಾರೆ ಡಾಕ್ಟರು. ಮತ್ತೆ ಆಪರೇಷನ್ ಮಾಡಿಸಬೇಕಾ?
– ಓದುಗರು, ಮುಳಬಾಗಿಲು

ಉತ್ತರ: ಕೋಲಾರದ ಕಡೆಯವರಿಗೆ ಕೆರೆ ಗೊತ್ತಲ್ವಾ. ತೂಬು ತಳದಲ್ಲಿರುತ್ತದೆ, ಕೋಡಿ ಮೇಲಿರುತ್ತದೆ. ಕೆನ್ನೆಯ ಸೈನಸ್‌ಗೆ, ಅಂದರೆ ಕೆನ್ನೆ ಮೂಳೆಯೊಳಗಿನ ಗಾಳಿ ತುಂಬಿದ ಗೂಡಿಗೆ, ತೂಬೇ ಇಲ್ಲ, ಇರುವುದು ಮೇಲಿನ ಕೋಡಿ ಒಂದೇ. ಒಳಪೊರೆಯ ಮೇಲಿನ, ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಹಗಲೂ ರಾತ್ರಿ ಬೀಸುತ್ತಾ ಸಿಂಬಳವನ್ನು ತಳದಿಂದ ಮೇಲಕ್ಕೆ ದಬ್ಬಿ ಆಚೆ ಹಾಕುತ್ತವೆ. ವರ್ಷಗಟ್ಟಲೆ ಸೋಂಕು, ಅದರ ಮೇಲೆ ಹಳೇ ಆಪರೇಷನ್‌ಗಳ ಗಾಯದ ಕಲೆ, ಇಷ್ಟಾದ ಮೇಲೆ ಆ ರೋಮಗಳು ಹಾಳಾಗಿದ್ದರೆ ಕೋಡಿ ಎಷ್ಟು ಅಗಲ ಮಾಡಿದರೂ ಕೀವು ತಳದಲ್ಲೇ ನಿಲ್ಲುತ್ತದೆ. ಹಾಗಾಗಿ ಅದೇ ಆಪರೇಷನ್ ಮತ್ತೊಮ್ಮೆ ಅಂದರೆ ನಾನು ಬೇಡ ಅಂತೀನಿ.

ಮೊದಲು ಹಲ್ಲು ತೋರಿಸಿ. ಒಂದೇ ಕಡೆ ಕೀವು, ಜೊತೆಗೆ ವಾಸನೆ ಅಂದರೆ ನನಗೆ ಮೊದಲ ಅನುಮಾನ ಮೇಲಿನ ದವಡೆ ಹಲ್ಲಿನ ಮೇಲೇ. ಅದರ ಬೇರು ಸೈನಸ್ ತಳಕ್ಕೆ ತಾಗಿಕೊಂಡಿರುತ್ತದೆ, ನೋವೇ ಇಲ್ಲದೆ ಕೊಳೆತಿರಬಹುದು. ಫಂಗಸ್ ಉಂಡೆ ಕಟ್ಟಿದೆಯಾ ಅಂತಲೂ ಸಿ.ಟಿ. ಸ್ಕ್ಯಾನ್‌ನಲ್ಲಿ ನೋಡಬೇಕು. ಇನ್ನೊಂದು, ಹಿಂದೆ ಕೊರೆದ ತೂತು ಸಹಜ ದಾರಿಗೆ ಸೇರದೆ ಪಕ್ಕದಲ್ಲಿದ್ದರೆ ಸಿಂಬಳ ಒಂದರಿಂದ ಆಚೆ ಬಂದು ಇನ್ನೊಂದರಿಂದ ಒಳಗೇ ಹೋಗುತ್ತದೆ. ಆಗ ಎರಡನ್ನೂ ಸೇರಿಸಿದರೆ ಸಾಕಾಗಬಹುದು.

ಇದ್ಯಾವುದೂ ಅಲ್ಲ ಅಂದರೆ ಮಾಡುವುದು ಮೀಡಿಯಲ್ ಮ್ಯಾಕ್ಸಿಲೆಕ್ಟಮಿ. ಹೆಸರು ಕೇಳಿ ಹೆದರಬೇಡಿ, ಮುಖ ಕೊಯ್ಯುವುದಿಲ್ಲ. ಮೂಗಿನೊಳಗಿಂದಲೇ ಕೆಳಗಿನ ಟರ್ಬಿನೇಟ್‌ನ (ಮೂಗಿನೊಳಗೆ ಪಕ್ಕದ ಗೋಡೆಯಿಂದ ಚಾಚಿರುವ ಮೂಳೆಯ ಮಡಿಕೆ) ಒಂದು ಭಾಗ ತೆಗೆದು, ಮೂಗಿಗೂ ಸೈನಸ್‌ಗೂ ನಡುವಿನ ಗೋಡೆಯನ್ನು ಮೂಗಿನ ನೆಲದ ಮಟ್ಟದವರೆಗೆ ಇಳಿಸುತ್ತಾರೆ. ಅಂದರೆ ಕೆರೆಗೆ ತೂಬು ಇಟ್ಟ ಹಾಗೆ. ಕಣ್ಣೀರಿನ ನಾಳ ಅಲ್ಲೇ ಹಾಯುವುದರಿಂದ ಅದಕ್ಕೆ ಪೆಟ್ಟಾದರೆ ಕಣ್ಣಲ್ಲಿ ನೀರು ಸುರಿಯಬಹುದು. ಕೆಲವು ವಾರ ಮೂಗಲ್ಲಿ ಹಕ್ಕಳೆ ಕಟ್ಟುತ್ತದೆ.

ಒಂದು ಮಾತು ನೇರವಾಗಿ ಹೇಳ್ತೀನಿ. ಸತ್ತ ರೋಮ ಇದರಿಂದ ಬದುಕಲ್ಲ, ಅದರ ಕೆಲಸ ಇನ್ನು ನಿಮ್ಮದು. ಉಪ್ಪುನೀರಲ್ಲಿ ದಿನಾ ತೊಳೆಯಬೇಕು, ಬಹುಶಃ ಜೀವನಪೂರ್ತಿ. 240 ಮಿ.ಲೀ. ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಚಿಟಿಕೆ ಅಡುಗೆ ಸೋಡಾ. ಬೋರ್‌ವೆಲ್ ನೀರನ್ನು ಹಾಗೇ ಹಾಕಬೇಡಿ, ಕುದಿಸಿ ಆರಿಸಿ. ಸೋಸುವ ಬಟ್ಟೆಯಿಂದ ರೋಗಾಣು ಹೋಗಲ್ಲ. ಈ ತೊಳೆಯುವ ಕೆಲಸ ಆಗಲ್ಲ ಅನ್ನುವವರಿಗೆ ಆಪರೇಷನ್ನೂ ಬೇಡ.

ಇಎನ್‌ಟಿ ಡಾಕ್ಟರ ಹತ್ತಿರ ಹೋಗುವಾಗ ಹಳೇ ಡಿಸ್ಚಾರ್ಜ್ ಚೀಟಿಗಳನ್ನೂ ಸಿ.ಟಿ. ಫಿಲ್ಮುಗಳನ್ನೂ ತಗೊಂಡು ಹೋಗಿ. ಬರೀ ರಿಪೋರ್ಟ್ ಸಾಲಲ್ಲ, ಫಿಲ್ಮೇ ಬೇಕು.